ರಿಫ್ಲೆಕ್ಸ್ ಬಾಲ್: 349 ರೂಪಾಯಿಗೆ ಒಂದು ಬಾಸಿಂಗ, 5ಕ್ಕೆ 2 ಸ್ಟಾರ್

ಬಾಕ್ಸಿಂಗ್ ಸ್ಪಾರಿಂಗಲ್ಲಿ, ಅಂದ್ರೆ ಪ್ರಾಕ್ಟೀಸ್ ಕಾದಾಟದಲ್ಲಿ, ಮೂಗಿಗೆ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ತಿಂದೂ ತಿಂದೂ ಸಾಕಾಗಿ ತಗೊಂಡಿದ್ದು ಇದನ್ನ. ಹಣೆಗೊಂದು ಪಟ್ಟಿ, ಅದಕ್ಕೊಂದು ಎಲಾಸ್ಟಿಕ್ ದಾರ, ತುದೀಲಿ ಪುಟ್ಟ ಬಾಲು, ಅಷ್ಟೇ. ಕಟ್ಕೊಂಡು ಕನ್ನಡಿ ಮುಂದೆ ನಿಂತ್ರೆ ಥೇಟ್ ಬಾಸಿಂಗ ಕಟ್ಟಿರೋ ಮದುಮಗ, ನಮ್ಮಮ್ಮ ನೋಡಿ ಹುಡುಗಿ ಎಲ್ಲಪ್ಪಾ ಅಂದ್ರು.

ಮೊದಲ ವಾರ ಮೂರು ಏಟಿಗೆ ಬಾಲು ಕಣ್ಣಿಗೇ ಬಂದು ಬಡೀತಿತ್ತು, ಆಮೇಲೆ ಕೈ ಕುದುರ್ತು, ಒಂದು ತಿಂಗಳಲ್ಲಿ ನಿಲ್ಲಿಸ್ದೆ ನೂರು ಹೊಡೀತಿದ್ದೆ, ರೀಲ್ ಕೂಡ ಹಾಕ್ದೆ. ಆ ಶನಿವಾರ ಜಿಮ್ಮಲ್ಲಿ ಸ್ಪಾರಿಂಗ್. ಅದೇ ಜ್ಯಾಬು, ಅದೇ ಮೂಗು. ಅದಕ್ಕಿಂತ ಕೆಟ್ಟದ್ದು ಏನಂದ್ರೆ ಎದುರಿನವನು ಸುಮ್ನೆ ಜ್ಯಾಬ್ ಥರ ಕೈ ಅಲ್ಲಾಡಿಸಿದ್ರೆ ಸಾಕು, ನನ್ನ ಕೈ ಬಾಲ್ ಹೊಡಿಯೋಕೆ ಹೋದಂಗೆ ಗಲ್ಲ ಬಿಟ್ಟು ಮುಂದಕ್ಕೆ ಹೋಗ್ಬಿಡ್ತಿತ್ತು, ಆ ಸಂದೀಲಿ ಪಕ್ಕದಿಂದ ಬೀಸೋ ಹುಕ್ ಬಂದು ಕಿವಿ ಗುಂಯ್ ಅಂತು. ಅಂದ್ರೆ ದುಡ್ಡು ಕೊಟ್ಟು ಹೊಸ ಕೆಟ್ಟ ಚಾಳಿ ಕಲ್ತಿದ್ದೆ.

ಯೋಚ್ನೆ ಮಾಡಿದ್ರೆ ಕಾರಣ ಸಿಂಪಲ್ಲು. ಈ ಬಾಲು ನಾವು ಹೊಡೆದಂಗೇ ವಾಪಸ್ ಬರುತ್ತೆ, ಎಲ್ಲಿಗೆ ಬರುತ್ತೆ ಅಂತ ಕೈಗೆ ಮೊದಲೇ ಗೊತ್ತು. ಅದಕ್ಕೆ ಭುಜ ಇಲ್ಲ, ಕಾಲಿಲ್ಲ, ಮೋಸ ಮಾಡೋ ಬುದ್ಧಿ ಇಲ್ಲ. ಕಣ್ಣಿಗೆ ಕಂಡಿದ್ದಕ್ಕೆ ಮೈ ಅಲ್ಲಾಡೋಕೆ ಶುರುವಾಗೋದಕ್ಕೇ ಸುಮಾರು 200 ಮಿಲಿಸೆಕೆಂಡ್ ಬೇಕು, ಹತ್ರದಿಂದ ಬಂದ ಒಳ್ಳೆ ಜ್ಯಾಬು ಅಷ್ಟರೊಳಗೆ ಮುಖದ ಮೇಲಿರುತ್ತೆ. ಗ್ಲೋವ್ಸ್ ನೋಡ್ಕೊಂಡು ತಪ್ಪಿಸ್ಕೋತೀನಿ ಅಂದ್ರೆ ಬಸ್ ಹೋದ್ಮೇಲೆ ಕೈ ಅಡ್ಡ ಹಾಕ್ದಂಗೆ. ಡಿಫೆನ್ಸ್ ಚೆನ್ನಾಗಿರೋರು ಎದೆ, ಭುಜ, ಮುಂದಿನ ಕಾಲು ನೋಡಿ ಏಟು ಹೊರಡೋ ಮುಂಚೇನೇ ಓದ್ತಾರೆ. ಕಬಡ್ಡಿ ಆಡಿರೋರಿಗೆ ಇದು ಹೊಸದಲ್ಲ, ರೈಡರ್ ಕೈ ಬೀಸೋದು ನೋಡ್ಕೊಂಡು ನಿಂತ ಕಾರ್ನರ್ ಔಟೇ.

ಉಕ್ರೇನಿನ ಬಾಕ್ಸರ್ ಲೊಮಚೆಂಕೊ ಟೆನಿಸ್ ಬಾಲ್ ಹಿಡ್ಕೊಂಡು ಮಾಡೋ ವಿಡಿಯೋಗಳನ್ನ ನೋಡಿ ಮರುಳಾಗೋರಲ್ಲಿ ನಾನೂ ಒಬ್ಬ. ಆದ್ರೆ 2008, 2012 ಎರಡೂ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದ ಆ ಮನುಷ್ಯನಿಗೆ ಚಿಕ್ಕವಯಸ್ಸಲ್ಲಿ ಅಪ್ಪ ಉಕ್ರೇನಿನ ಜಾನಪದ ಡ್ಯಾನ್ಸ್ ಕಲಿಯೋಕೆ ಕಳ್ಸಿದ್ರು. ಆಟ ಇರೋದು ಕಾಲಲ್ಲಿ ಗುರೂ, ಅದನ್ನ ಯಾರೂ 349ಕ್ಕೆ ಮಾರಲ್ಲ.

ಕಿಕ್‌ಬಾಕ್ಸಿಂಗ್ ಆಡೋರಿಗಂತೂ ಇನ್ನೂ ಕಷ್ಟ. ಮುಖದ ಮುಂದಿನ ಬಾಲೇ ಪ್ರಪಂಚ ಅಂತ ಕಣ್ಣು ಮೇಲೇ ಇರುತ್ತೆ, ಕೆಳಗೆ ಲೋ ಕಿಕ್ ಬಂದು ತೊಡೆಗೆ ಬೀಳುತ್ತೆ, ಮೊಣಕಾಲೆತ್ತಿ ಅದನ್ನ ತಡೆಯೋ ನೆನಪೇ ಬರಲ್ಲ. ಎರಡು ದಿನ ಮೆಟ್ಲು ಇಳಿಯೋಕೆ ಗೋಡೆ ಹಿಡ್ಕೊಂಡಿದ್ದೀನಿ.

ನನಗೆ ನಿಜವಾಗ್ಲೂ ಕೆಲಸ ಮಾಡಿದ್ದು ಬಿಟ್ಟಿ ಸಾಮಾನು. ತಾರಸಿ ಮೇಲೆ ಬಟ್ಟೆ ಒಣಗ್ಸೋ ಹಗ್ಗ ಭುಜದ ಎತ್ತರಕ್ಕೆ ಕಟ್ಟಿ, ಮಂಡಿ ಬಗ್ಗಿಸಿ ಆ ಕಡೆ ಈ ಕಡೆ ತಲೆ ದಾಟಿಸ್ಕೊಂಡು ಹೋಗೋದು, ಆದ್ರೆ ಕಿಕ್‌ಬಾಕ್ಸಿಂಗಲ್ಲಿ ಜಾಸ್ತಿ ಬಗ್ಗಬೇಡಿ, ಎದುರಿನವನ ಮೊಣಕಾಲು ಕಾಯ್ತಿರುತ್ತೆ. ಇನ್ನೊಂದು, 16 ಔನ್ಸ್ ಗ್ಲೋವ್ಸ್, ಮೌತ್‌ಗಾರ್ಡ್ ಹಾಕ್ಕೊಂಡು ಪಾರ್ಟ್ನರ್ ಬರೀ ಜ್ಯಾಬ್ ಹಾಕೋದು, ಅದೂ ಮೆತ್ತಗೆ, ನಾನು ವಾಪಸ್ ಹೊಡೆಯಂಗಿಲ್ಲ, 2 ನಿಮಿಷದ ರೌಂಡು. ಆಗ್ಲೇ ಗೊತ್ತಾಗಿದ್ದು, ನನ್ನ ತೊಂದ್ರೆ ಸ್ಪೀಡ್ ಅಲ್ಲವೇ ಅಲ್ಲ, ಏಟು ಬರ್ತಿದ್ದಂಗೆ ಕಣ್ಣು ಮುಚ್ತಿದ್ದೆ! ಮೆತ್ತಗೆ ಬಂದಾಗ ಭಯ ಹೋಯ್ತು, ಕಣ್ಣು ತೆರೆದೇ ಇತ್ತು, ಆಮೇಲೆ ಲೋ ಕಿಕ್ಕೂ ಸೇರಿಸ್ಕೊಂಡ್ವಿ. ಮೇಲೆ ಸೀಲಿಂಗಿಗೂ ಕೆಳಗೆ ನೆಲಕ್ಕೂ ಎಲಾಸ್ಟಿಕ್ಕಲ್ಲಿ ಕಟ್ಟೋ ಡಬಲ್ ಎಂಡ್ ಬ್ಯಾಗ್ ಈ ಬಾಲಿಗಿಂತ ಸಾವಿರ ಪಾಲು ಮೇಲು, ಆದ್ರೆ ಬಾಡಿಗೆ ಮನೇಲಿ ಸೀಲಿಂಗಿಗೆ ಡ್ರಿಲ್ ಹಾಕ್ತೀನಿ ಅಂತ ಓನರ್‌ಗೆ ಹೇಳೋ ಧೈರ್ಯ ನನಗಿಲ್ಲ.

ಕ್ವಾಲಿಟಿ ಬಗ್ಗೆ ಏನ್ ಹೇಳೋದು, ಎರಡನೇ ತಿಂಗಳಲ್ಲಿ ದಾರ ಕಿತ್ಕೊಂಡು ಬಾಲು ಸೀದಾ ದೇವರ ಮನೆಗೆ ಹೋಗಿ ದೀಪ ಉರುಳಿಸ್ತು, ಮಾರಿದವರನ್ನ ಕೇಳಿದ್ರೆ ರಿಟರ್ನ್ ಟೈಮ್ ಮುಗ್ದಿದೆ ಅಂದ್ರು. ಬ್ಯಾಂಗಲ್ ಸ್ಟೋರಲ್ಲಿ 10 ರೂಪಾಯಿ ಎಲಾಸ್ಟಿಕ್ ತಂದು ಕಟ್ದೆ, ಮೊದಲಿನದಕ್ಕಿಂತ ಗಟ್ಟಿ ಇದೆ.

ಎರಡು ಸ್ಟಾರ್ ಯಾಕೆ ಅಂದ್ರೆ ವಾರ್ಮ್‌ಅಪ್‌ಗೆ 5 ನಿಮಿಷ ಪರವಾಗಿಲ್ಲ, ಭುಜ ಬಿಸಿಯಾಗುತ್ತೆ, ಮಜಾನೂ ಇದೆ. ಈಗ ನಮ್ಮಕ್ಕನ ಮಗನ ಹತ್ರ ಇದೆ, ಅವನ ರೆಕಾರ್ಡು 212, ಒಂದಿನಾನೂ ಜಿಮ್ ಬಾಗಿಲು ನೋಡಿಲ್ಲ.