ಸ್ಟ್ಯಾಂಪ್ಡ್ ಕಾಂಕ್ರೀಟ್ ಅಂಗಳಕ್ಕೆ ಕಿತ್ತಳೆ ಎಣ್ಣೆಯ ಅಂಟು ರಿಮೂವರ್: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ. ಅಂಗಳಕ್ಕೆ ಸ್ಟ್ಯಾಂಪ್ಡ್ ಕಾಂಕ್ರೀಟ್ ಹಾಕಿಸಿದ್ದೇವೆ. ಕಲ್ಲು ಜೋಡಿಸಿದ ಹಾಗೆ ಅಚ್ಚು, ಇಟ್ಟಿಗೆ ಬಣ್ಣ, ಮೇಲೆ ಹೊಳಪಿನ ಅಕ್ರಿಲಿಕ್ ಸೀಲರ್, ಅಂದರೆ ಕಾಂಕ್ರೀಟ್ ಕಾಪಾಡೋಕೆ ಬಳಿಯುವ ತೆಳು ಲೇಪ. ಮಗಳ ನಾಮಕರಣಕ್ಕೆ ಪೆಂಡಾಲ್‌ನವರು ಮ್ಯಾಟ್ ಹಾಸಿ ಡಬಲ್ ಸೈಡ್ ಟೇಪ್ ಹಚ್ಚಿದ್ದರು. ಏಪ್ರಿಲ್ ಬಿಸಿಲು ಕೇಳಬೇಕಾ? ಮ್ಯಾಟ್ ಎದ್ದು ಬಂತು, ಅಂಟು ಅಲ್ಲೇ ಉಳಿಯಿತು. ವಾರದಲ್ಲಿ ಧೂಳು ಕೂತು ಕರಿ ಪಟ್ಟೆ ಆಯಿತು.

ಅವರ ಕಡೆಯ ಹುಡುಗ ಬಂದು ಥಿನ್ನರ್ ಹಾಕಿ ಉಜ್ಜಿದ. ಅಂಟು ಹೋಯಿತು, ಅದರ ಜೊತೆ ಸೀಲರ್ ಕೂಡ ಕರಗಿ ಹೋಯಿತು. ಗೇಟಿನ ಹತ್ತಿರ ಮೊರದಷ್ಟು ಅಗಲ ಬೆಳ್ಳಗೆ ಮಸುಕಾಯಿತು. "ಏನಪಾ ಇದು, ಅಷ್ಟು ದುಡ್ಡು ಹಾಕಿ ಮಾಡಿಸಿದ್ದು ಹಿಂಗಾತಲ್ಲ" ಅಂತ ಅವ್ವ ತುಂಬಾ ನೊಂದುಕೊಂಡರು. ನನಗೂ ಹೊಟ್ಟೆ ಉರಿಯಿತು.

ಉಳಿದ ಪಟ್ಟೆಗಳಿಗೆ ಅಂತ ತಂದಿದ್ದೇ ಈ ರಿಮೂವರ್. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಇದರ ಮುಖ್ಯ ವಸ್ತು. ಟೇಪಿನ ಅಂಟು, ಚ್ಯೂಯಿಂಗ್ ಗಮ್, ಮೇಣ ಇವನ್ನೆಲ್ಲ ಅದು ಮೆತ್ತಗೆ ಮಾಡುತ್ತದೆ. ಬಟ್ಟೆಗೆ ಸ್ವಲ್ಪ ಹಾಕಿ ಪಟ್ಟೆಯ ಮೇಲೆ ಇಟ್ಟು ಐದು ನಿಮಿಷ ಬಿಟ್ಟೆ. ಹಳೆ ಎಟಿಎಂ ಕಾರ್ಡ್ ಅಂಚಿನಿಂದ ಮೆಲ್ಲಗೆ ತಳ್ಳಿದರೆ ಅಂಟು ಒದ್ದೆ ಶಾವಿಗೆ ಎಳೆಯ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಅಚ್ಚಿನ ಗೆರೆಯೊಳಗೆ ಇಳಿದಿದ್ದಕ್ಕೆ ಹಳೆ ಹಲ್ಲುಜ್ಜುವ ಬ್ರಷ್ ಬೇಕಾಯಿತು. ಆಮೇಲೆ ಪಾತ್ರೆ ಸೋಪಿನ ನೀರಲ್ಲಿ ತೊಳೆಯಲೇಬೇಕು. ಇಲ್ಲದಿದ್ದರೆ ಎಣ್ಣೆ ಜಿಡ್ಡು ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಸೀಲರ್ ಹೊಳಪು ಹಾಗೇ ಇತ್ತು. ನನಗೆ ಬೇಕಾಗಿದ್ದೂ ಅದೇ. ಅಂಟನ್ನು ಯಾರು ಬೇಕಾದರೂ ತೆಗೆಯಬಹುದು, ಹೊಳಪು ಉಳಿಸೋದೇ ಕಷ್ಟ.

ಹಾಗಂತ ಇದಕ್ಕೂ ಮಿತಿ ಇದೆ. ಒಮ್ಮೆ ಫೋನ್ ಬಂದು ಅರ್ಧ ಗಂಟೆ ಬಿಟ್ಟುಬಿಟ್ಟೆ. ಅಲ್ಲಿ ಸೀಲರ್ ಮೆತ್ತಗಾಗಿ ಬೆರಳಚ್ಚು ಮೂಡಿತು. ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ, ಹತ್ತು ನಿಮಿಷ ದಾಟಿಸಬೇಡಿ. ಬೆಳಿಗ್ಗೆ ನೆಲ ತಣ್ಣಗಿದ್ದಾಗಲೇ ಮಾಡಿ, ಕಾದ ನೆಲದ ಮೇಲೆ ಬೇಗ ಆರಿಹೋಗುತ್ತದೆ. ಗೇಟಿನ ಹತ್ತಿರ ಸೀಲರ್ ಹೋದ ಜಾಗದಲ್ಲಂತೂ ಕಲೆ ಕಾಂಕ್ರೀಟಿನೊಳಗೇ ಇಳಿದಿತ್ತು, ಅಲ್ಲಿ ಇದು ಏನೂ ಮಾಡಲಿಲ್ಲ.

ಹೋದ ಬೇಸಿಗೆಯಲ್ಲಿ ಅಂಗಳದಲ್ಲೇ ಹಲಸಿನ ಹಣ್ಣು ಹೆಚ್ಚಿದೆವು. ಮೇಣ ಬಿದ್ದಿದ್ದು ಇದರಿಂದ ಚೆನ್ನಾಗಿ ಹೋಯಿತು. ಹಲಸಿನ ಮೇಣಕ್ಕೆ ಎಣ್ಣೆಯೇ ಮದ್ದು ಅಂತ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳೋರಿಗೆ ಗೊತ್ತು ಅಲ್ವಾ. ಆದರೆ ಕಾಂಪೌಂಡಿನ ಬೇವಿನ ಮರದಿಂದ ಸೋರಿದ ಅಂಟಿಗೆ ಸುಮ್ನೆ ದುಡ್ಡು ದಂಡ. ಅದು ನೀರಲ್ಲಿ ಕರಗುವ ಜಾತಿ. ಬಿಸಿನೀರಲ್ಲಿ ನೆನೆಸಿದ ಗೋಣಿಚೀಲ ಹೊದಿಸಿಟ್ಟರೆ ಸಾಕು.

ದಯವಿಟ್ಟು ಬಾತ್‌ರೂಮ್ ಆಸಿಡ್ ಮಾತ್ರ ಹಾಕಬೇಡಿ. ಸಿಮೆಂಟಿನಲ್ಲಿ ಸುಣ್ಣದ ಅಂಶ ಇರುತ್ತದೆ, ಆಸಿಡ್ ಬಿದ್ದರೆ ನೊರೆ ಎದ್ದು ಮೇಲ್ಪದರವೇ ತಿಂದು ಹೋಗುತ್ತದೆ. ತಂತಿ ಬ್ರಷ್ ಕೂಡ ಬೇಡ.

ವಾಸನೆ ಜಾಸ್ತಿ, ಒಳಗಡೆ ಬಳಸಿದರೆ ತಲೆ ಹಿಡಿಯುತ್ತದೆ. ಗ್ಲೌಸ್ ಇಲ್ಲದೆ ಮಾಡಿದಾಗ ಕೈ ಉರಿಯಿತು. ಬೆಂಕಿ ಹತ್ತುವ ವಸ್ತು, ಅದಕ್ಕೆ ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟಿದ್ದೇವೆ. 500 ಎಂಎಲ್ ಬಾಟಲಿ ಒಂದೂವರೆ ವರ್ಷ ಬಂತು. ಈಗ ಎರಡನೆಯದು ನಡೆಯುತ್ತಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು, ಎಷ್ಟು ಹೊತ್ತು ಬಿಡಬೇಕು ಅಂತ ಬಾಟಲಿ ಮೇಲೆ ಕನ್ನಡದಲ್ಲಿ ಒಂದು ಸಾಲೂ ಇಲ್ಲ ಅನ್ನೋದಕ್ಕೆ.