ದುಡ್ಡು ಕೊಟ್ಟು ಹಾಕಿಸೋದಾ, ಬಿಟ್ಟಿ ಹಾಕೋದಾ?

ನನ್ನದು ಕಪ್ಪೆಗಳ ಕೂಗಿನ ಕೆಲಸ. ಇಷ್ಟು ವರ್ಷದಲ್ಲಿ ಸಂಶೋಧನಾ ಪೇಪರ್‌ಗಳನ್ನು ಮೂರು ದಾರಿಯಲ್ಲಿ ಕಳಿಸಿ ನೋಡಿದ್ದೇನೆ.

ಮೊದಲು ಪ್ಲಾಸ್ ಒನ್, ಯಾರು ಬೇಕಾದರೂ ಬಿಟ್ಟಿ ಓದಬಹುದಾದ ಆನ್‌ಲೈನ್ ಜರ್ನಲ್. 2006ರಲ್ಲಿ ಶುರುವಾಗಿದ್ದು. ಪ್ರಯೋಗ ಸರಿಯಾಗಿದೆಯಾ, ಹೇಳಿದ್ದಕ್ಕೆ ಆಧಾರ ಇದೆಯಾ ಅಂತ ನೋಡುತ್ತಾರೆ, ದೊಡ್ಡ ಸುದ್ದಿ ಆಗುತ್ತಾ ಅಂತ ನೋಡೋದಿಲ್ಲ. ಎರಡು ಮಳೆಗಾಲ ಜಿಗಣೆ ಕಚ್ಚಿಸಿಕೊಂಡು ರೆಕಾರ್ಡ್ ಮಾಡಿದ ಮೇಲೂ ನಾವು ಅಂದುಕೊಂಡ ವ್ಯತ್ಯಾಸ ಸಿಕ್ಕಿರಲಿಲ್ಲ. ‘ಏನೂ ಸಿಗಲಿಲ್ಲ’ ಅನ್ನೋ ಪೇಪರನ್ನು ಯಾರು ತಗೋತಾರೆ? ಅಲ್ಲಿ ತಗೊಂಡರು, ಅದೂ ಸುಮ್ನೆ ಅಲ್ಲ, ಪೇಪರ್ ಪರೀಕ್ಷಿಸೋ ಒಬ್ಬ ರಿವ್ಯೂವರ್ ನಮ್ಮ ಲೆಕ್ಕಾಚಾರ ಹಿಡಿದು ಬೆವರಿಳಿಸಿದರು. ಆದರೆ ಓದುವವರಿಗೆ ಬಿಟ್ಟಿ ಅಂದರೆ ಬರೆದವರ ಜೇಬಿಗೆ ಕತ್ತರಿ. 2016ರಲ್ಲಿ ಫೀಸು 1,495 ಡಾಲರ್, ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ. ಆಗ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಹುಡುಗರಿಗೆ ತಿಂಗಳಿಗೆ 25,000. ಗ್ರಾಂಟ್ ಇತ್ತು, ಕಟ್ಟಿದೆವು.

ಇದೇ ದಾರಿಯಲ್ಲಿ 2011ರಲ್ಲಿ ಬಂದ ಸೈಂಟಿಫಿಕ್ ರಿಪೋರ್ಟ್ಸ್ ಜರ್ನಲ್ ಕೆಲವೇ ವರ್ಷಗಳಲ್ಲಿ ಪೇಪರ್‌ಗಳ ಲೆಕ್ಕದಲ್ಲಿ ಪ್ಲಾಸ್ ಒನ್‌ಗಿಂತ ದೊಡ್ಡದಾಯಿತು. ಜಾಸ್ತಿ ಪೇಪರ್ ಅಂದರೆ ಜಾಸ್ತಿ ಫೀಸು ಅಲ್ವಾ, ಈ ಇಡೀ ಪದ್ಧತಿಯಲ್ಲಿ ನನಗೆ ಚುಚ್ಚೋದು ಅದೇ. ಇವೆರಡೂ ಅಲ್ಲದ ಒಂದು ಜರ್ನಲ್‌ಗೂ ಒಮ್ಮೆ ಕಳಿಸಿದ್ದೆ, ಹೆಸರು ಬೇಡ. ರಿವ್ಯೂ ಬಂದಿದ್ದು ಮೂರೇ ಸಾಲು, ಅದರಲ್ಲಿ ಒಂದು ಸ್ಪೆಲಿಂಗ್ ಬಗ್ಗೆ. ಬಿಲ್ ಮಾತ್ರ ತಪ್ಪದೆ ಬಂತು.

ಎರಡನೆಯದು ಬಯೋಆರ್ಕೈವ್, ರಿವ್ಯೂ ಆಗೋ ಮೊದಲೇ ಪೇಪರನ್ನು (ಅದೇ ಪ್ರಿಪ್ರಿಂಟ್) ಎಲ್ಲರೂ ಓದೋ ಹಾಗೆ ಹಾಕೋ ವೆಬ್‌ಸೈಟ್. ಕಾಸಿಲ್ಲ. ಎರಡೇ ದಿನದಲ್ಲಿ ಪೇಪರ್ ಕಾಣಿಸಿಕೊಂಡಿತು, ವಾರದೊಳಗೆ ಗುರುತೇ ಇಲ್ಲದ ಒಬ್ಬರು ಮೇಲ್ ಮಾಡಿ, ಒಂದು ಗ್ರಾಫ್‌ನಲ್ಲಿ ಎರಡು ಜಾತಿಗಳ ಹೆಸರು ಅದಲುಬದಲಾಗಿದೆ ಅಂದರು. ಮೂರು ಸಾಲಿನ ಆ ರಿವ್ಯೂಗಿಂತ ಇದೇ ವಾಸಿ. ಆದರೆ ಪ್ರಮೋಷನ್ ಫಾರಂನಲ್ಲಿ ಪ್ರಿಪ್ರಿಂಟ್‌ಗೆ ಕಾಲಂ ಇರಲಿಲ್ಲ.

ಮೂರನೆಯದು ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ನಮ್ಮ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಜರ್ನಲ್ ಆಫ್ ಬಯೋಸೈನ್ಸಸ್. ಬರೆದವರೂ ಕೊಡಬೇಕಿಲ್ಲ, ಅಕಾಡೆಮಿಯ ವೆಬ್‌ಸೈಟ್‌ನಲ್ಲಿ ಓದುವವರೂ ಕೊಡಬೇಕಿಲ್ಲ. ಅದರ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಉಲ್ಲೇಖಿಸುತ್ತಾರೆ ಅನ್ನೋ ಅಂಕಿ) ನೋಡಿ ನನ್ನ ವಿದ್ಯಾರ್ಥಿನಿ ಮುಖ ಸಣ್ಣ ಮಾಡಿದಳು. ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸಕ್ಕೆ) ಅರ್ಜಿ ಹಾಕೋಳು ಅವಳು, ತಪ್ಪೇನಿಲ್ಲ.

‘ಒಂದು ದೇಶ ಒಂದು ಚಂದಾ’ ಯೋಜನೆಗೆ 2024ರಲ್ಲಿ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿತು. ದೊಡ್ಡ ಪಬ್ಲಿಷರ್‌ಗಳ ಜರ್ನಲ್ ಓದೋಕೆ. ಅದರಲ್ಲಿ ಒಂದು ಚೂರು ಇಂಥ ಜರ್ನಲ್‌ಗಳನ್ನು ಬೆಳೆಸೋಕೆ ಹಾಕಬಹುದಿತ್ತು ಅಂತ ನನಗನಿಸುತ್ತದೆ.

ಈಗ ಕೈಯಲ್ಲಿರೋ ಪೇಪರ್ ಮೊದಲು ಬಯೋಆರ್ಕೈವ್‌ಗೆ, ಆಮೇಲೆ ಅಕಾಡೆಮಿಗೆ. ಮತ್ತೆ ‘ಏನೂ ಸಿಗಲಿಲ್ಲ’ ಅಂತಾದರೆ ಡಾಲರ್ ಹುಡುಕಬೇಕು.