ದಟ್ಟ ಹುಲ್ಲಿಗೆ ಹಳೆ ಯುವರಾಜ್ 215 ಕೊಳ್ಳಬೇಕೋ, ಹಳೆ ಶಕ್ತಿ 180ಡಿ ಕೊಳ್ಳಬೇಕೋ

ಆಗಸ್ಟ್ ದಾಟುವ ಹೊತ್ತಿಗೆ ಬೀದರ ಕಡೆಯ ಮಾವಿನ ತೋಟಗಳಲ್ಲಿ, ಕಲಬುರಗಿ ಸುತ್ತಿನ ನಿಂಬೆ ತೋಟಗಳಲ್ಲಿ ಸಾಲುಗಳ ನಡುವಿನ ಹುಲ್ಲು ಮೊಳಕಾಲು ಮೀರಿ ಸೊಂಟಕ್ಕೆ ಬಂದಿರುತ್ತದೆ. ಕೆಳಗೆ ಕರಿಕಿ, ಜೇಕಿನ ಚಾಪೆ. ಮೇಲೆ ಕಾಂಗ್ರೆಸ್ ಕಸ. ಹೆಗಲಿಗೆ ಹಾಕುವ ಬ್ರಷ್ ಕಟರ್‌ನಿಂದ ಐದಾರು ಎಕರೆ ಮುಗಿಸುವಷ್ಟರಲ್ಲಿ ಮೊದಲು ಕತ್ತರಿಸಿದ ಕಡೆ ಮತ್ತೆ ಚಿಗುರಿರುತ್ತದೆ. 45 ಎಚ್‌ಪಿಯ ದೊಡ್ಡ ಟ್ರ್ಯಾಕ್ಟರ್ ಕೊಂಬೆ ಮುರಿಯದೆ ಒಳಗೆ ಹೋಗುವುದಿಲ್ಲ. ಉಳಿಯುವುದು ಸಣ್ಣ ಟ್ರ್ಯಾಕ್ಟರ್ ಮತ್ತು ಅದರ ಹಿಂದೆ ಒಂದು ಸ್ಲ್ಯಾಶರ್, ಅಂದರೆ ಬ್ಲೇಡು ತಿರುಗಿಸಿ ಹುಲ್ಲು ಕತ್ತರಿಸುವ ಉಪಕರಣ. ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿದಾಗ ಮೊದಲು ಎದುರಾಗುವ ಹೆಸರುಗಳು ಎರಡು: ಮಹೀಂದ್ರಾ ಯುವರಾಜ್ 215 ಮತ್ತು ವಿಎಸ್‌ಟಿ ಶಕ್ತಿ ಎಂಟಿ 180ಡಿ. ಎರಡನೆಯದನ್ನು ಹಳಬರು ಇಂದಿಗೂ ಮಿತ್ಸುಬಿಷಿ ಎಂದೇ ಕರೆಯುತ್ತಾರೆ.

ಮೊದಲು ನಮ್ಮ ತೀರ್ಮಾನ. ಹುಲ್ಲು ಕತ್ತರಿಸುವುದೇ ಮುಖ್ಯ ಕೆಲಸವಾಗಿದ್ದರೆ ಶಕ್ತಿ 180ಡಿ. ತೊಗರಿ, ಹತ್ತಿ ಸಾಲುಗಳಲ್ಲಿ ಎಡೆ ಹೊಡೆಯುವುದು ಮುಖ್ಯ, ಹುಲ್ಲು ವರ್ಷಕ್ಕೆ ಎರಡು ಸಲ ಮಾತ್ರ ಅಂದರೆ ಯುವರಾಜ್. ಆದರೆ ಹಳೆ ಗಾಡಿಯಲ್ಲಿ ಕಂಪನಿಯ ಹೆಸರಿಗಿಂತ ಆ ಒಂದು ಗಾಡಿಯ ಕ್ಲಚ್, ಪಿಟಿಒ ಶಾಫ್ಟ್ (ಇಂಜಿನ್ನಿನ ಬಲವನ್ನು ಹಿಂದಿನ ಉಪಕರಣಕ್ಕೆ ಕೊಡುವ ದಂಡ), ರೇಡಿಯೇಟರ್ ಈ ಮೂರರ ಸ್ಥಿತಿ ದೊಡ್ಡದು. ಕೆಟ್ಟ ಶಕ್ತಿಗಿಂತ ಒಳ್ಳೆ ಯುವರಾಜ್ ಯಾವತ್ತೂ ಲೇಸು.

ಯುವರಾಜ್ 215ರದು ಒಂದೇ ಸಿಲಿಂಡರ್, 863.5 ಸಿಸಿ, 15 ಎಚ್‌ಪಿ. ಪಿಟಿಒ ಶಾಫ್ಟಿನಲ್ಲಿ ಸಿಗುವುದು 11.4 ಎಚ್‌ಪಿ. ಶಕ್ತಿ 180ಡಿಯದು ಮೂರು ಸಿಲಿಂಡರ್, 900 ಸಿಸಿ, ನಿಮಿಷಕ್ಕೆ 2700 ಸುತ್ತಿಗೆ 18.5 ಎಚ್‌ಪಿ, ಗೇರಿನಲ್ಲಿ ಕಳೆಯುವುದನ್ನು ಕಳೆದರೆ ಶಾಫ್ಟಿಗೆ ಸುಮಾರು 15 ಬರುತ್ತದೆ ಎಂದು ಲೆಕ್ಕ ಹಿಡಿಯಬಹುದು. ಎರಡಕ್ಕೂ ಮುಂದಕ್ಕೆ ಆರು ಗೇರು. ತೂಕದಲ್ಲಿ ಯುವರಾಜ್ 780 ಕಿಲೊ, ಶಕ್ತಿ 645 ಕಿಲೊ. ಹೈಡ್ರಾಲಿಕ್ ಎತ್ತುವುದು ಯುವರಾಜ್‌ನಲ್ಲಿ 778 ಕಿಲೊ, ಶಕ್ತಿಯಲ್ಲಿ 500 ಕಿಲೊ.

ಮಾರುವವರು ಎಚ್‌ಪಿಯ ಮಾತನ್ನಷ್ಟೇ ಆಡುತ್ತಾರೆ. ಸ್ಲ್ಯಾಶರ್‌ಗೆ ಬೇಕಾದದ್ದು ಶಾಫ್ಟಿನ ಬಲ, ಅದೂ ಒಂದೇ ಸಮ. ದಟ್ಟ ಹುಲ್ಲಿಗೆ ಸ್ಲ್ಯಾಶರ್‌ನ ಒಂದು ಅಡಿ ಅಗಲಕ್ಕೆ ಶಾಫ್ಟಿನಲ್ಲಿ 4ರಿಂದ 5 ಎಚ್‌ಪಿ ಹಿಡಿದರೆ ತೊಂದರೆಯಿಲ್ಲ. ಆ ಲೆಕ್ಕದಲ್ಲಿ ಯುವರಾಜ್‌ಗೆ ಮೂರು ಅಡಿ ಸಾಕು, ಶಕ್ತಿಗೆ ಮೂರೂವರೆ. ನಾಲ್ಕು ಅಡಿಯದನ್ನು ಶಕ್ತಿ ಎಳೆಯುತ್ತದೆ, ಆದರೆ ನಿಧಾನ ಗೇರಿನಲ್ಲಿ, ಹುಲ್ಲಿಗೆ ಮುಕ್ಕಾಲು ಅಗಲ ಕೊಟ್ಟು. ಯುವರಾಜ್‌ನ ಕಷ್ಟ ಇಲ್ಲೇ ಶುರು. ಸ್ಲ್ಯಾಶರ್ ಹಿಂದಿನ ಟೈರುಗಳ ಹೊರ ಅಂಚಿಗಿಂತ ಅಗಲವಾಗಿರಬೇಕು. ಇಲ್ಲದಿದ್ದರೆ ಟೈರು ತುಳಿದ ಹುಲ್ಲು ಮಲಗಿಬಿಡುತ್ತದೆ, ಬ್ಲೇಡಿಗೆ ಸಿಗುವುದಿಲ್ಲ, ಎರಡು ದಿನ ಬಿಟ್ಟು ನೋಡಿದರೆ ತೋಟದ ತುಂಬ ಪಟ್ಟೆ. ಆದ್ದರಿಂದ ಟೇಪು ಹಿಡಿದು ಟೈರಿನ ಹೊರಗಿನಿಂದ ಹೊರಗೆ ಅಳೆಯಿರಿ. ಎಡೆ ಹೊಡೆಯಲು ಯಾರೋ ಚಕ್ರ ಅಗಲ ಮಾಡಿ ಇಟ್ಟಿದ್ದರೆ ಡಿಸ್ಕ್ ತಿರುಗಿಸಿ ಒಳಗೆ ತನ್ನಿ. ಹಾಗೆ ಮಾಡಿದರೂ ಹೊರ ಅಳತೆ ಮೂರು ಅಡಿ ಮೀರಿದರೆ ಆ ಯುವರಾಜ್‌ಗೆ ದಟ್ಟ ಹುಲ್ಲಿನ ಕೆಲಸ ಹೇಳಬೇಡಿ.

ಒಂದು ಸಿಲಿಂಡರ್, ಮೂರು ಸಿಲಿಂಡರ್ ಎಂಬ ವ್ಯತ್ಯಾಸ ರಸ್ತೆಯಲ್ಲಿ ಕಾಣುವುದಿಲ್ಲ, ಹುಲ್ಲಿನಲ್ಲಿ ಕಾಣುತ್ತದೆ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ಪೆಟ್ಟು ಕೊಡುತ್ತದೆ. 2000 ಸುತ್ತಿನಲ್ಲಿ ಒಂಟಿ ಸಿಲಿಂಡರ್ ನಿಮಿಷಕ್ಕೆ 1000 ಪೆಟ್ಟು ಕೊಟ್ಟರೆ, ಅದೇ ಸುತ್ತಿನಲ್ಲಿ ಮೂರು ಸಿಲಿಂಡರ್‌ನದು 3000 ಪೆಟ್ಟು, ಒಂದೊಂದೂ ಹಗುರ. ಒಂಟಿ ಸಿಲಿಂಡರ್‌ನ ಭಾರಿ ಪೆಟ್ಟನ್ನು ಫ್ಲೈವೀಲ್ ತಕ್ಕಮಟ್ಟಿಗೆ ನುಂಗಿದರೂ ಉಳಿದದ್ದು ಪಿಟಿಒವನ್ನು ಸ್ಲ್ಯಾಶರ್‌ಗೆ ಕೂಡಿಸುವ ಜಾಯಿಂಟ್ ಶಾಫ್ಟಿನ ಕ್ರಾಸಿಗೆ, ಸ್ಲ್ಯಾಶರ್ ಗೇರ್‌ಬಾಕ್ಸಿನ ಹಲ್ಲಿಗೆ, ಬಾನೆಟ್ ಮತ್ತು ಸೈಲೆನ್ಸರ್ ಬೋಲ್ಟುಗಳಿಗೆ ಹೋಗುತ್ತದೆ. ಕರಿಕಿಯ ಗಂಟು ಸಿಕ್ಕಾಗ ಸುತ್ತು ಇಳಿಯುವುದು ಎರಡರಲ್ಲೂ ಇದ್ದದ್ದೇ. ಮೂರು ಸಿಲಿಂಡರ್ ಬೇಗ ಚೇತರಿಸಿಕೊಳ್ಳುತ್ತದೆ. ಒಂಟಿ ಸಿಲಿಂಡರ್ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬ್ಲೇಡ್ ಕತ್ತರಿಸುವುದನ್ನು ಬಿಟ್ಟು ಹುಲ್ಲನ್ನು ಜಗಿಯತೊಡಗುತ್ತದೆ, ಜಗಿದ ಹುಲ್ಲು ಬ್ಲೇಡಿನ ಮೇಲಿನ ಮುಚ್ಚಳವಾದ ಡೆಕ್ಕಿನ ಕೆಳಗೆ ಮೆತ್ತಿಕೊಂಡು ಹೊರೆ ಇನ್ನೂ ಹೆಚ್ಚುತ್ತದೆ.

ಹಾಗೆಂದು ಯುವರಾಜ್ ಸೋತ ಗಾಡಿಯಲ್ಲ. ಒಂದೇ ನಾಜಲ್, ಒಂದೇ ಪಿಸ್ಟನ್, ಒಂದೇ ಲೈನರ್. ಇಂಜಿನ್ ಬಿಚ್ಚಬೇಕಾಗಿ ಬಂದಾಗ ಸಾಮಾನಿನ ಖರ್ಚು ಮೂರರ ಬದಲು ಒಂದಕ್ಕೆ ನಿಲ್ಲುತ್ತದೆ. ತೂಕ ಹೆಚ್ಚಿರುವುದರಿಂದ ಬದು ಹತ್ತುವಾಗ ಮುಂದಿನ ಚಕ್ರ ಏಳುವುದು ಕಡಿಮೆ. ಶಕ್ತಿ ಹಗುರ, ಸ್ಲ್ಯಾಶರ್ ಎತ್ತಿಕೊಂಡು ಬದು ದಾಟಿದರೆ ಮೂತಿ ಮೇಲೇಳುತ್ತದೆ, ಸ್ಟೇರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಮುಂದೆ ತೂಕದ ಪ್ಲೇಟು ಹಾಕದೆ ಶಕ್ತಿಗೆ ನಾಲ್ಕು ಅಡಿ ಸ್ಲ್ಯಾಶರ್ ಕಟ್ಟಲೇಬೇಡಿ. ಎರೆ ಭೂಮಿಯಲ್ಲಿ ಮಾತ್ರ ಈ ಹಗುರತನವೇ ವರ. ಮಳೆ ನಿಂತ ಮೇಲೆ ಹಸಿ ಎರೆಯಲ್ಲಿ ಮೊದಲು ಇಳಿಯಬಲ್ಲದ್ದು ಶಕ್ತಿಯೇ, ಮಣ್ಣು ಅದುಮುವುದೂ ಕಡಿಮೆ.

ಶಕ್ತಿ ಕೊಳ್ಳುವವರು ಒಂದು ವಿಷಯ ತಪ್ಪದೆ ತಿಳಿದಿರಬೇಕು. ಅದರ ಪಿಟಿಒಗೆ ಮೂರು ವೇಗ: ಇಂಜಿನ್ 2700 ಸುತ್ತಿನಲ್ಲಿರುವಾಗ 623, 919, 1506. ಸ್ಲ್ಯಾಶರ್ ಮಾಡಿರುವುದು 540ಕ್ಕೆ. ಮೊದಲನೆಯದರಲ್ಲಿ ಇಂಜಿನನ್ನು 2340ರ ಹತ್ತಿರ ಇಟ್ಟರೆ ಸರಿಯಾಗಿ 540 ಸಿಗುತ್ತದೆ. ಲಿವರ್ ಗೊತ್ತಿಲ್ಲದೆ ಎರಡನೆಯದಕ್ಕೆ ಬಿದ್ದರೆ ಏನಾಗುತ್ತದೆ ನೋಡಿ. ಸ್ಲ್ಯಾಶರ್ ಗೇರ್‌ಬಾಕ್ಸ್ ಒಂದಕ್ಕೆ 1.93 ಪಟ್ಟು ಹೆಚ್ಚಿಸುವಂಥದ್ದಾದರೆ, 540ರಲ್ಲಿ ಬ್ಲೇಡ್ ಸುಮಾರು 1040 ಸುತ್ತು ತಿರುಗುತ್ತದೆ, ನಾಲ್ಕು ಅಡಿ ಡೆಕ್ಕಿನಲ್ಲಿ ತುದಿಯ ವೇಗ ಸೆಕೆಂಡಿಗೆ ಸುಮಾರು 65 ಮೀಟರ್. 919ರಲ್ಲಿ ಅದೇ ಬ್ಲೇಡ್ 1770 ದಾಟಿ ತುದಿ ಸೆಕೆಂಡಿಗೆ 110 ಮೀಟರ್ ಮುಟ್ಟುತ್ತದೆ. ಬೀದರದ ಜಂಬಿಟ್ಟಿಗೆ ಭೂಮಿಯಲ್ಲಿ ಕಲ್ಲಿನ ಹರಳಿಗೆ ಕೊರತೆಯಿಲ್ಲ. ಆ ವೇಗದಲ್ಲಿ ಸಿಡಿದ ಹರಳು ಮನುಷ್ಯನ ಜೀವ ತೆಗೆಯಬಲ್ಲದು. ಸ್ಲ್ಯಾಶರ್ ಕಟ್ಟುವ ದಿನವೇ ಪಿಟಿಒ ಲಿವರ್ ಮೊದಲನೆಯದಕ್ಕಿಂತ ಮುಂದೆ ಹೋಗದಂತೆ ಒಂದು ತಡೆ ಬೆಸೆಸಿ, ಅಥವಾ ಕನಿಷ್ಠ ಬಣ್ಣದ ಗುರುತು ಹಾಕಿ. ಡೆಕ್ಕಿನ ಹಿಂದೆ ಸರಪಳಿ ಪರದೆ ಇಲ್ಲದ ಸ್ಲ್ಯಾಶರ್ ಯಾವ ಗಾಡಿಗೂ ಬೇಡ.

ಇನ್ನೊಂದು ಅಪಾಯ ಎರಡಕ್ಕೂ ಸಮಾನ. ಈ ಹಳೆ ಸಣ್ಣ ಗಾಡಿಗಳದು ಸಿಂಗಲ್ ಕ್ಲಚ್. ಗೇರಿಗೂ ಪಿಟಿಒಗೂ ಅದೊಂದೇ. ಕ್ಲಚ್ ಒತ್ತಿದರೂ ತಿರುಗುತ್ತಿರುವ ಬ್ಲೇಡಿನ ಓಟ ಶಾಫ್ಟಿನ ಮೂಲಕ ಗೇರ್‌ಬಾಕ್ಸಿಗೆ ವಾಪಸು ಬಂದು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಗಿಡದ ಬುಡಕ್ಕೋ ಬಾವಿಯ ಅಂಚಿಗೋ ಬಂದು ಕ್ಲಚ್ ತುಳಿದಾಗ ಗಾಡಿ ನಿಲ್ಲದೆ ಇನ್ನೂ ಎರಡು ಮೂರು ಮೀಟರ್ ಹೋದರೆ ಅದಕ್ಕೆ ಇದೇ ಕಾರಣ. ಇದಕ್ಕೆ ಓವರ್‌ರನ್ನಿಂಗ್ ಕಪ್ಲಿಂಗ್ ಎಂಬ ಗಿಡ್ಡ ತುಂಡು ಸಿಗುತ್ತದೆ. ಪಿಟಿಒ ಶಾಫ್ಟಿನ ಆರು ಹಲ್ಲಿಗೆ ಅದನ್ನು ಹಾಕಿ, ಅದರ ಮೇಲೆ ಜಾಯಿಂಟ್ ಶಾಫ್ಟ್ ಕೂಡಿಸಬೇಕು. ಆಗ ಇಂಜಿನ್ ಬ್ಲೇಡನ್ನು ತಿರುಗಿಸುತ್ತದೆ, ಬ್ಲೇಡ್ ಗಾಡಿಯನ್ನು ತಿರುಗಿಸಲಾರದು. ಕಪ್ಲಿಂಗ್ ಹಾಕಿದಷ್ಟೇ ಉದ್ದ ಜಾಯಿಂಟ್ ಶಾಫ್ಟಿನ ಎರಡೂ ಕೊಳವೆಗಳಿಂದ ಕತ್ತರಿಸಬೇಕು, ಇದನ್ನು ಮರೆಯಬೇಡಿ. ಪೂರ್ತಿ ಎತ್ತಿ ಇಳಿಸಿ ನೋಡಿ: ಎಲ್ಲಿಯೂ ಕೊಳವೆ ತಳ ಮುಟ್ಟಬಾರದು, ಅತಿ ಚಾಚಿದಾಗಲೂ ಮೂರನೇ ಒಂದು ಪಾಲು ಒಂದರೊಳಗೊಂದು ಇರಬೇಕು.

ಗಾಡಿ ನೋಡಲು ಹೋಗುವ ಮುನ್ನ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ. ಹೋದ ಕೂಡಲೇ ರೇಡಿಯೇಟರ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣ್ಣಗಿನ ಸ್ಟಾರ್ಟ್ ನಿಮಗೆ ತೋರಿಸಲು ಅವರಿಗೆ ಇಷ್ಟವಿಲ್ಲ ಎಂದರ್ಥ. ತಣ್ಣಗಿರುವಾಗ ಬಿಳಿ ಹೊಗೆ ಸ್ವಲ್ಪ ಹೊತ್ತು ಬಂದು ನಿಲ್ಲಬೇಕು. ನಿಲ್ಲದಿದ್ದರೆ ನಾಜಲ್ ಅಥವಾ ಕಂಪ್ರೆಶನ್. ನೀಲಿ ಹೊಗೆಯಾದರೆ ರಿಂಗ್. ಇಂಜಿನ್ ನಡೆಯುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಹೊಗೆ ರಭಸದಿಂದ ಉಗಿದರೆ ಲೈನರ್ ಸವೆದಿದೆ. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ಪದರ, ಡಿಪ್‌ಸ್ಟಿಕ್‌ನಲ್ಲಿ ಮಜ್ಜಿಗೆ ಬಣ್ಣ, ಇವೆರಡರಲ್ಲಿ ಯಾವುದೊಂದು ಕಂಡರೂ ಮಾತು ಮುಂದುವರಿಸಬೇಡಿ.

ಕ್ಲಚ್ ಪರೀಕ್ಷೆ ಸುಲಭ. ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರು ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ, ದಟ್ಟ ಹುಲ್ಲಿನಲ್ಲಿ ಒಂದು ಗಂಟೆಯಲ್ಲಿ ಸುಟ್ಟ ವಾಸನೆ ಬರುತ್ತದೆ. ಇಂಜಿನ್ ಬಂದ್ ಮಾಡಿ ಪಿಟಿಒ ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಆಟ ಕೈಗೆ ತಿಳಿದರೆ ಬೇರಿಂಗ್ ಹೋಗಿದೆ, ಬುಡದಲ್ಲಿ ಎಣ್ಣೆ ಹನಿಸುತ್ತಿದ್ದರೆ ಸೀಲ್. ಸೀಲ್ ಸಣ್ಣ ಕೆಲಸ. ಹಲ್ಲಿನ ತುದಿ ಚೂಪಾಗಿದ್ದರೆ ಶಾಫ್ಟ್ ಬದಲಿಸಬೇಕು, ಅದು ದೊಡ್ಡ ಕೆಲಸ. ಸ್ಲ್ಯಾಶರ್ ಎತ್ತಿ ಇಂಜಿನ್ ಬಂದ್ ಮಾಡಿ ಅರ್ಧ ಗಂಟೆ ಬಿಡಿ. ಎರಡು ಮೂರು ಇಂಚು ಇಳಿದರೆ ಹಳೆ ಗಾಡಿಗೆ ಪರವಾಗಿಲ್ಲ, ಐದು ನಿಮಿಷದಲ್ಲಿ ನೆಲ ಮುಟ್ಟಿದರೆ ಲಿಫ್ಟ್ ಸಿಲಿಂಡರ್ ಸೀಲ್ ಬದಲಿಸಬೇಕು.

ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಿ ಕೆಸರು ಮಾಡಿದ ಗಾಡಿಯಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಹಿಂದಿನ ಆಕ್ಸಲ್‌ನ ಡ್ರೇನ್ ಬೋಲ್ಟ್ ಸಡಿಲಿಸಿ ಒಂದು ಲೋಟ ಆಯಿಲ್ ಹಿಡಿಯಿರಿ. ನೀರು ಸೇರಿದ್ದರೆ ಹಾಲಿನಂತೆ ಕಾಣುತ್ತದೆ; ಬೇರಿಂಗುಗಳು ಒಳಗೇ ತುಕ್ಕು ಹಿಡಿದಿರುತ್ತವೆ. ಮಾರುವವರು ಬೇಡ ಅಂದರೆ ಆ ಗಾಡಿ ಬಿಟ್ಟುಬಿಡಿ. ಒಣ ಬೇಸಾಯದ ಆಳಂದ, ಔರಾದ ಕಡೆಯ ಗಾಡಿಯಲ್ಲಿ ಈ ಭಯ ಕಡಿಮೆ, ಅಲ್ಲಿ ನೋಡಬೇಕಾದದ್ದು ಏರ್ ಕ್ಲೀನರ್ ಮತ್ತು ಧೂಳು.

ಕೊನೆಗೆ ಹುಲ್ಲಿನಲ್ಲೇ ಓಡಿಸಿ ನೋಡಿ, ರಸ್ತೆಯಲ್ಲಲ್ಲ. ಹತ್ತು ಮೀಟರ್ ಅಳೆದು ಗುರುತು ಹಾಕಿ. 18 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 2 ಕಿಲೋಮೀಟರ್, ದಟ್ಟ ಹುಲ್ಲಿಗೆ ಅದೇ ಸರಿಯಾದ ವೇಗ. ಪೂರ್ತಿ ಅಗಲ ಕೊಟ್ಟರೆ ನಾಲ್ಕು ಅಡಿ ಸ್ಲ್ಯಾಶರ್‌ನಲ್ಲಿ, ತಿರುವು ಕಳೆದು, ಗಂಟೆಗೆ ಅರ್ಧ ಎಕರೆಯ ಹತ್ತಿರ ಆಗುತ್ತದೆ. ಮುಕ್ಕಾಲು ಅಗಲ ಕೊಟ್ಟರೆ ಅದಕ್ಕೆ ತಕ್ಕಂತೆ ಕಡಿಮೆ. ಅರ್ಧ ಗಂಟೆ ಬಿಡದೆ ಓಡಿಸಿ ಟೆಂಪರೇಚರ್ ಮುಳ್ಳು ನೋಡಿ. ಹುಲ್ಲು ಕತ್ತರಿಸುವಾಗ ಬಿಸಿ ಏರಲು ಹೆಚ್ಚಿನ ಸಲ ಇಂಜಿನ್ ಕಾರಣವಲ್ಲ. ಕಾಂಗ್ರೆಸ್ ಕಸದ ಹೂವು, ಹುಲ್ಲಿನ ಬೀಜ ರೇಡಿಯೇಟರ್ ಜಾಲಿಗೆ ಕಂಬಳಿಯಂತೆ ಅಂಟಿ ಗಾಳಿ ತಡೆಯುತ್ತವೆ. ಗಂಟೆಗೊಮ್ಮೆ ನಿಲ್ಲಿಸಿ, ಜಾಲಿ ತೆಗೆದು ಝಾಡಿಸಿ. ಸಂಜೆ ಫ್ಯಾನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಹೊರಗಿನಿಂದ ಹೊಡೆದರೆ ಬೀಜ ಇನ್ನೂ ಒಳಗೆ ಕೂರುತ್ತದೆ. ಫ್ಯಾನ್ ಬೆಲ್ಟ್ ಹೆಬ್ಬೆರಳಿನಿಂದ ಒತ್ತಿದಾಗ ಅರ್ಧ ಇಂಚು ಬಾಗಿದರೆ ಸಾಕು.

ಗಾಡಿ ಯಾವುದಾದರೂ ಕತ್ತರಿಸುವ ಕ್ರಮ ಒಂದೇ. ಬೆಳಗಿನ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ನಂತರ ಇಳಿಯಿರಿ. ಸೊಂಟದೆತ್ತರದ ಹುಲ್ಲನ್ನು ಒಂದೇ ಸಲ ನೆಲಕ್ಕೆ ತರಲು ಹೋಗಬೇಡಿ: ಮೊದಲು ಆರೇಳು ಇಂಚಿಗೆ, ಎರಡು ದಿನ ಒಣಗಿದ ಮೇಲೆ ಮೂರು ಇಂಚಿಗೆ. ಟಾಪ್ ಲಿಂಕ್ (ಸ್ಲ್ಯಾಶರ್ ಹಿಡಿಯುವ ಮೇಲಿನ ತೋಳು) ತಿರುಗಿಸಿ ಡೆಕ್ಕಿನ ಮುಂಭಾಗ ಹಿಂಭಾಗಕ್ಕಿಂತ ಅರ್ಧದಿಂದ ಒಂದು ಇಂಚು ತಗ್ಗಿರುವಂತೆ ಇಡಿ, ಹೊರೆ ತಾನಾಗಿ ಇಳಿಯುತ್ತದೆ. ಬ್ಲೇಡುಗಳನ್ನು ಜೋಡಿಯಾಗಿ ತೂಗಿ ಹಾಕಿ. ಒಂದು ಮುರಿದರೆ ಎರಡನ್ನೂ ಬದಲಿಸಿ, ಇಲ್ಲದಿದ್ದರೆ ಅದುರಿ ಗೇರ್‌ಬಾಕ್ಸ್ ಬೇರಿಂಗ್ ತಿನ್ನುತ್ತದೆ. ಹೊರೆ ಮೀರಿದಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವ ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಹಾಕುವವರಿದ್ದಾರೆ. ಮುಂದಿನ ಸಲ ಮುರಿಯುವುದು ಗೇರ್‌ಬಾಕ್ಸಿನ ಹಲ್ಲು. ಡ್ರಿಪ್ ಪೈಪುಗಳನ್ನು ಮೊದಲೇ ಗಿಡದ ಬುಡಕ್ಕೆ ಸರಿಸಿಡಿ. ಬದುವಿನ ಬಳ್ಳಾರಿ ಜಾಲಿಗೆ ಇವೆರಡನ್ನೂ ನುಗ್ಗಿಸಬೇಡಿ, ಹೆಬ್ಬೆರಳಿಗಿಂತ ದಪ್ಪ ಕಾಂಡ ಈ ಗಾತ್ರದ ಸ್ಲ್ಯಾಶರ್‌ನ ಕೆಲಸವಲ್ಲ. ಎಮ್ಮೆಗೆ ಮೇವು ಬೇಕಾದವರಿಗೂ ಸ್ಲ್ಯಾಶರ್ ಹೊಂದದು, ಹುಲ್ಲು ಚೂರಾಗಿ ಮಣ್ಣು ಸೇರುತ್ತದೆ.

ಕಾಗದದ ವಿಷಯ. ಕೆಎ 32, 33, 38ರ (ಕಲಬುರಗಿ, ಯಾದಗಿರಿ, ಬೀದರ) ಗಾಡಿಯಾದರೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29 ಮತ್ತು 30ರಲ್ಲಿ ಸಹಿ ಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ಮುಗಿದ ಪತ್ರ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಜಹೀರಾಬಾದ್, ಉದಗೀರ, ಸೊಲ್ಲಾಪುರ ಕಡೆಯ ಹೊರ ರಾಜ್ಯದ ಗಾಡಿಗೆ ಫಾರ್ಮ್ 28ರ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಬೇಕೇ ಬೇಕು. ಇಂಜಿನ್ ನಂಬರು, ಚಾಸಿ ನಂಬರುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಆರ್‌ಸಿಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ದುಡ್ಡು ಎಣಿಸಿ.